ನಾಲ್ಕು ನಕ್ಷತ್ರದ ಲೆಕ್ಕ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಉರುಗ್ವೆಯನ್ನು ‘ಫುಟ್‌ಬಾಲಿನ ಹಿರಿಯಣ್ಣ’ ಅಂತ ಬರೆದಿದ್ದೀರಿ. ನಗು ಬಂತು. ಗೆದ್ದಿದ್ದು ಎರಡೇ ವಿಶ್ವಕಪ್, ಅಂಗಿ ಮೇಲೆ ಮಾತ್ರ ನಾಲ್ಕು ನಕ್ಷತ್ರ! ಅವರ ಆಟಗಾರ ಒಂದು ವಿಶ್ವಕಪ್‌ನಲ್ಲಿ ಕೈಯಿಂದ ಗೋಲು ತಡೆಯುತ್ತಾನೆ, ಮುಂದಿನದರಲ್ಲಿ ಎದುರಾಳಿಯನ್ನು ಕಚ್ಚುತ್ತಾನೆ. ಇದು ತಂಡವೋ, ಪುಂಡರ ಗುಂಪೋ? – ಬ್ರೆಜಿಲ್ ಅಭಿಮಾನಿ, ಹಾಸನ

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಪತ್ರ ಓದಿ ನನಗೂ ನಗು ಬಂತು, ಆಮೇಲೆ ಸ್ವಲ್ಪ ಸಿಟ್ಟೂ ಬಂತು. ಸಿಟ್ಟು ಇಳಿದ ಮೇಲೆ ಬರೆಯುತ್ತಿದ್ದೇನೆ. ಉತ್ತರ ಉದ್ದ ಆಯಿತು, ಸಹಿಸಿಕೊಳ್ಳಿ.

ಮೊದಲು ನಕ್ಷತ್ರದ ವಿಷಯ. ಒಂದು ವಿಶ್ವ ಪಟ್ಟಕ್ಕೆ ಒಂದು ನಕ್ಷತ್ರ ಅನ್ನುವುದು ಲೆಕ್ಕ. ವಿಶ್ವಕಪ್ ಶುರುವಾಗಿದ್ದು 1930ರಲ್ಲಿ. ಅದಕ್ಕೂ ಮೊದಲು ಬೇರೆ ಬೇರೆ ಖಂಡದ ದೇಶಗಳು ಒಂದು ಕಡೆ ಸೇರಿ ಆಡುತ್ತಿದ್ದಿದ್ದು ಒಲಿಂಪಿಕ್ಸ್‌ನಲ್ಲಿ. 1914ರಲ್ಲಿ ಫುಟ್‌ಬಾಲಿನ ಜಾಗತಿಕ ಸಂಸ್ಥೆ ಫಿಫಾ ಒಂದು ಮಾತು ಕೊಟ್ಟಿತು: ಒಲಿಂಪಿಕ್ಸ್ ಫುಟ್‌ಬಾಲ್ ನಮ್ಮ ನಿಯಮದ ಪ್ರಕಾರ ನಡೆದರೆ ಅದನ್ನೇ ವಿಶ್ವ ಚಾಂಪಿಯನ್‌ಶಿಪ್ ಅಂತ ಒಪ್ಪುತ್ತೇವೆ ಎಂದು. ‘ಹವ್ಯಾಸಿ ಆಟಗಾರರದ್ದು’ ಅಂತ ಒಂದು ಷರಾ ಇತ್ತು, ಇಲ್ಲ ಅನ್ನುವುದಿಲ್ಲ. 1924 ಮತ್ತು 1928, ಎರಡೂ ಸಲ ಚಿನ್ನ ಉರುಗ್ವೆಗೆ. 1930 ಮತ್ತು 1950ರಲ್ಲಿ ವಿಶ್ವಕಪ್. ಕೂಡಿಸಿ ನೋಡಿ, ನಾಲ್ಕು! ಎರಡನ್ನು ತೆಗೆಯಿರಿ ಅಂತ ಫಿಫಾ ಕಡೆಯಿಂದ ಸೂಚನೆ ಬಂದಿದೆ ಎಂದು 2021ರಲ್ಲಿ ಸುದ್ದಿಯಾಯಿತು. ಮರುವರ್ಷ ಕತಾರ್‌ಗೆ ಅವರು ನಾಲ್ಕನ್ನೂ ಎದೆ ಮೇಲೆ ಹೊತ್ತುಕೊಂಡೇ ಬಂದರು.

1924ರಲ್ಲಿ ಆ ಹುಡುಗರು ಪ್ಯಾರಿಸ್‌ಗೆ ಹೋದ ಪರಿ ಕೇಳಿ. ಹಡಗಿನಲ್ಲಿ ಮೂರನೇ ದರ್ಜೆ. ಸ್ಪೇನ್‌ನ ವಿಗೊದಲ್ಲಿ ಇಳಿದು, ಖರ್ಚಿಗೆ ಕಾಸು ಬೇಕಲ್ಲ, ಊರೂರು ಸುತ್ತಿ ಪಂದ್ಯ ಆಡಿದರು. ಒಂದರಲ್ಲೂ ಸೋಲಲಿಲ್ಲ. ಒಲಿಂಪಿಕ್ಸ್‌ನ ಮೊದಲ ಪಂದ್ಯದಲ್ಲೇ ಯುಗೊಸ್ಲಾವಿಯಕ್ಕೆ 7–0, ಫೈನಲ್‌ನಲ್ಲಿ ಸ್ವಿಟ್ಜರ್ಲೆಂಡ್‌ಗೆ 3–0. ಆ ತಂಡದ ಹೊಸೆ ಲಿಯಾಂಡ್ರೊ ಆಂದ್ರಾದೆ ಕಪ್ಪು ಆಟಗಾರ. ಪ್ಯಾರಿಸ್ ಅವನ ಆಟಕ್ಕೆ ಮರುಳಾಯಿತು. ಅದಕ್ಕೂ ಎಂಟು ವರ್ಷ ಮೊದಲು, 1916ರಲ್ಲಿ, 4–0 ಸೋತ ಚಿಲಿಯವರು ‘ಉರುಗ್ವೆ ಇಬ್ಬರು ಆಫ್ರಿಕನ್ನರನ್ನು ಆಡಿಸಿದೆ’ ಅಂತ ದೂರು ಕೊಟ್ಟಿದ್ದರು. ಗ್ರಾದಿನ್ ಮತ್ತು ದೆಲ್ಗಾದೊ, ಇಬ್ಬರೂ ಉರುಗ್ವೆಯವರೇ! ಪಕ್ಕದ ದೇಶಗಳು ಮೈಬಣ್ಣ ನೋಡುತ್ತಿದ್ದ ಕಾಲದಲ್ಲಿ ಇವರು ಕಾಲಿನ ಆಟ ನೋಡಿ ಆರಿಸಿದರು. ಹಾಗಂತ ಎಲ್ಲ ಚೆನ್ನಾಗಿತ್ತು ಅಂತಲ್ಲ. ಅದೇ ಆಂದ್ರಾದೆ 1957ರಲ್ಲಿ ಬಡತನದಲ್ಲೇ ಸತ್ತ.

ಒಂದು ಸಣ್ಣ ವಿಷಯ, ಇದು ನನಗೆ ತುಂಬ ಇಷ್ಟ. 1924ರ ಅಕ್ಟೋಬರ್‌ನಲ್ಲಿ ಅರ್ಜೆಂಟೀನಾದ ಒನ್ಸಾರಿ, ಕಾರ್ನರ್‌ನಿಂದ ಒದ್ದ ಚೆಂಡು ಯಾರಿಗೂ ತಾಗದೆ ಸೀದಾ ಉರುಗ್ವೆಯ ಗೋಲಿನೊಳಗೆ ಹೋಯಿತು. ಒಲಿಂಪಿಕ್ ಚಾಂಪಿಯನ್ನರಿಗೇ ಹೊಡೆದದ್ದಲ್ವಾ, ಅರ್ಜೆಂಟೀನಾದವರು ಕಿಚಾಯಿಸಲು ‘ಒಲಿಂಪಿಕ್ ಗೋಲು’ ಅಂದರು. ಅಂಥ ಗೋಲಿಗೆ ಇವತ್ತಿಗೂ ಅದೇ ಹೆಸರು.

1930ರದ್ದು ಬೇಗ ಮುಗಿಸುತ್ತೇನೆ. ಮೊಂಟೆವಿಡಿಯೊದಲ್ಲಿ ಫೈನಲ್, ಎದುರಿಗೆ ಮತ್ತೆ ಅರ್ಜೆಂಟೀನಾ. ಯಾರ ಚೆಂಡಿನಲ್ಲಿ ಆಡಬೇಕು ಅಂತಲೇ ಜಗಳ. ಕೊನೆಗೆ ಮೊದಲರ್ಧ ಅವರ ಚೆಂಡು, ಎರಡನೇ ಅರ್ಧ ಇವರ ಚೆಂಡು. ಮೊದಲರ್ಧ 2–1 ಅರ್ಜೆಂಟೀನಾ ಮುಂದೆ, ಮುಗಿದಾಗ 4–2 ಉರುಗ್ವೆ. ಕೊನೆಯ ಗೋಲು ಹೊಡೆದ ಹೆಕ್ಟರ್ ಕಾಸ್ಟ್ರೊಗೆ ಬಲಗೈಯ ಮುಂಗೈ ಇರಲಿಲ್ಲ, ಹುಡುಗನಾಗಿದ್ದಾಗ ವಿದ್ಯುತ್ ಗರಗಸಕ್ಕೆ ಸಿಕ್ಕಿತ್ತು.

ಈಗ ‘ಪುಂಡರು’ ಅನ್ನುವ ಮಾತಿಗೆ ಬರೋಣ. ತಮ್ಮ ಆಟದ ಗುಣಕ್ಕೆ ಅವರು ‘ಗಾರ್ರಾ ಚರ್ರುವಾ’ ಅನ್ನುತ್ತಾರೆ. ಗಾರ್ರಾ ಅಂದರೆ ಪಂಜದ ಉಗುರು, ಪಟ್ಟು. ಚರ್ರುವಾ ಅಂದರೆ ಆ ನೆಲದ ಮೂಲ ಜನ. ಹೊಸ ಉರುಗ್ವೆಯ ಸೈನ್ಯವೇ 1831ರಲ್ಲಿ ಆ ಜನರನ್ನು ಕರೆಸಿ ಕೊಂದಿತು, ಆಮೇಲೆ ಅವರ ಹೆಸರನ್ನೇ ತನ್ನ ಪೌರುಷಕ್ಕೆ ಇಟ್ಟುಕೊಂಡಿತು. ಆ ಹೆಸರು ಕೇಳಿದಾಗಲೆಲ್ಲ ನನಗೆ ಒಂಥರಾ ಕಸಿವಿಸಿ ಆಗುತ್ತದೆ. ಅದಿರಲಿ. ಆ ಪಟ್ಟು ಅಂದರೆ ಕಾಲು ಮುರಿಯುವುದು ಅಂತ ಅವರಲ್ಲೇ ಎಷ್ಟೋ ಜನ ತಿಳಿದುಕೊಂಡಿದ್ದರು, ನೀವೂ ಹಾಗೇ ತಿಳಿದಿದ್ದೀರಿ. ನನ್ನ ಪ್ರಕಾರ ಅದು ಏನು ಅಂತ ನೋಡಬೇಕಾದರೆ 1950ರ ಜುಲೈ 16ಕ್ಕೆ ಹೋಗಬೇಕು.

ರಿಯೊದ ಮರಕಾನಾ. ಟಿಕೆಟ್ ತಗೊಂಡು ಬಂದವರೇ 1,73,850 ಜನ. ಆ ವಿಶ್ವಕಪ್‌ನಲ್ಲಿ ಫೈನಲ್ ಇರಲಿಲ್ಲ, ಕೊನೆಯ ಸುತ್ತಿನ ಅಂಕದ ಮೇಲೆ ಪಟ್ಟ; ಹಾಗಾಗಿ ಈ ಕೊನೆಯ ಪಂದ್ಯದಲ್ಲಿ ನಿಮ್ಮ ಬ್ರೆಜಿಲ್‌ಗೆ ಡ್ರಾ ಆದರೂ ಸಾಕಿತ್ತು. ಎರಡನೇ ಅರ್ಧ ಶುರುವಾಗಿ ಎರಡೇ ನಿಮಿಷಕ್ಕೆ ಫ್ರಿಯಾಸಾ ಗೋಲು ಹೊಡೆದ. ಇಡೀ ಮೈದಾನ ಹುಚ್ಚೆದ್ದು ಕುಣಿಯಿತು. ಆಗ ಉರುಗ್ವೆ ನಾಯಕ ಒಬ್ಡುಲಿಯೊ ವರೆಲಾ ಏನು ಮಾಡಿದ ಗೊತ್ತಾ? ಓಡಲಿಲ್ಲ, ಕೂಗಾಡಲಿಲ್ಲ. ಚೆಂಡನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡ. ಆಫ್‌ಸೈಡ್ ಅಂತ ತಕರಾರು ತೆಗೆದ. ರೆಫರಿ ಇಂಗ್ಲಿಷಿನವರು, ಇವನಿಗೆ ಇಂಗ್ಲಿಷ್ ಬಾರದು, ದುಭಾಷಿಯನ್ನು ಕರೆಸಿ ಅಂದ! ಗೋಲು ರದ್ದಾಗುತ್ತದೆ ಅಂತ ಅವನಿಗೇನೂ ಆಸೆ ಇರಲಿಲ್ಲ. ಅವನಿಗೆ ಬೇಕಿದ್ದಿದ್ದು ಹೊತ್ತು. ಆ ಹೊತ್ತಿನಲ್ಲಿ ಜನರ ಕುಣಿತ ಸಿಳ್ಳೆಯಾಯಿತು, ಬೈಗುಳವಾಯಿತು, ಎಲ್ಲರ ಸಿಟ್ಟು ಅವನೊಬ್ಬನ ಮೇಲೆ ತಿರುಗಿತು, ಗಾಬರಿ ಬಿದ್ದಿದ್ದ ಅವನ ಹುಡುಗರಿಗೆ ಉಸಿರು ತಿರುಗಿತು. ಆಮೇಲೆ ಚೆಂಡನ್ನು ನಡುವೆ ಇಟ್ಟ, ಆಡಿ ಅಂದ.

66ನೇ ನಿಮಿಷ. ಉರುಗ್ವೆಯ ಗಿಗ್ಗಿಯಾ ಬಲಗಡೆಯಿಂದ ನುಗ್ಗಿ ಚೆಂಡನ್ನು ಒಳಗೆ ಕೊಟ್ಟ, ಸ್ಕಿಯಾಫಿನೊ ಹೊಡೆದ. 79ನೇ ನಿಮಿಷ. ಅದೇ ಗಿಗ್ಗಿಯಾ, ಅದೇ ಬಲಗಡೆ. ಈ ಸಲವೂ ಒಳಗೇ ಕೊಡುತ್ತಾನೆ ಅಂತ ಗೋಲ್‌ಕೀಪರ್ ಬಾರ್ಬೊಸಾ ಒಂದು ಹೆಜ್ಜೆ ಆ ಕಡೆ ಇಟ್ಟ. ಕಂಬದ ಪಕ್ಕ ಬಿಟ್ಟಿದ್ದ ಸಂದಿಯಲ್ಲಿ ಗಿಗ್ಗಿಯಾ ತೂರಿಸಿದ. 2–1. ಟ್ರೋಫಿ ಕೊಡುವಾಗ ಹೇಳಲು ಫಿಫಾ ಅಧ್ಯಕ್ಷ ಜೂಲ್ಸ್ ರಿಮೆ ಪೋರ್ಚುಗೀಸಿನಲ್ಲಿ ಭಾಷಣ ತಯಾರಿ ಮಾಡಿಕೊಂಡಿದ್ದರು. ಅದು ಅವರ ಬಳಿಯೇ ಉಳಿಯಿತು. ಗದ್ದಲದಲ್ಲಿ ವರೆಲಾನನ್ನು ಹುಡುಕಿ, ಟ್ರೋಫಿ ಕೈಗಿಟ್ಟು, ಕೈ ಕುಲುಕಿ ಹೊರಟರು. ಆ ರಾತ್ರಿ ವರೆಲಾ ರಿಯೊದ ಬಾರುಗಳಲ್ಲಿ, ಅಳುತ್ತಿದ್ದ ಬ್ರೆಜಿಲಿನವರ ಜೊತೆ ಕೂತು ಕುಡಿದ. ಪುಂಡ ಹೀಗೆ ಮಾಡುತ್ತಾನಾ, ಹೇಳಿ?

ಪುಂಡಾಟ ಇರಲೇ ಇಲ್ಲ ಅಂತ ನಾನು ವಾದಿಸುವುದಿಲ್ಲ. 1986ರಲ್ಲಿ ಸ್ಕಾಟ್ಲೆಂಡ್ ಮೇಲೆ ಬಟಿಸ್ಟಾ ಒಂದು ನಿಮಿಷ ತುಂಬುವ ಮೊದಲೇ ಕೆಂಪು ಕಾರ್ಡ್ ತಗೊಂಡ. ಆ ಕಾಲದ ಉರುಗ್ವೆ ಆಟ ನೋಡಲು ಆಗುತ್ತಿರಲಿಲ್ಲ. 2014ರಲ್ಲಿ ಸುವಾರೆಜ್ ಕಚ್ಚಿದ್ದಕ್ಕೆ ಯಾವ ಸಮರ್ಥನೆಯೂ ಇಲ್ಲ. ಆದರೆ 2010ರ ಘಾನಾ ಪಂದ್ಯ ಬೇರೆ. ನಮಗೆ ಅದು ಮಧ್ಯರಾತ್ರಿ ಶುರುವಾಗಿದ್ದು. ಸುವಾರೆಜ್ ಕೈಯಲ್ಲಿ ಚೆಂಡು ತಡೆದಾಗ ನಾನು ಎಷ್ಟು ಜೋರಾಗಿ ಬೈದೆ ಅಂದರೆ ಮನೆಯವರೆಲ್ಲ ಎದ್ದು ಬಂದರು. ಆಮೇಲೆ ಯೋಚಿಸಿದೆ. ಅವನು ತಪ್ಪು ಮಾಡಿದ, ಕೆಂಪು ಕಾರ್ಡ್ ಸಿಕ್ಕಿತು, ಘಾನಾಗೆ ಪೆನಾಲ್ಟಿಯೂ ಸಿಕ್ಕಿತು. ಅವರ ಗ್ಯಾನ್ ಅದನ್ನು ಮೇಲಿನ ಕಂಬಕ್ಕೆ ಹೊಡೆದರೆ ಯಾರನ್ನು ಬೈಯೋದು?

ಆಗಿನ ಕೋಚ್ ಆಸ್ಕರ್ ತಬಾರೆಜ್ ಹಿಂದೆ ಪ್ರಾಥಮಿಕ ಶಾಲೆಯ ಮೇಷ್ಟ್ರು. ಜನ ಕರೆಯುವುದೂ ‘ಮೇಷ್ಟ್ರು’ ಅಂತಲೇ. 2006ರಲ್ಲಿ ಬಂದವರು ಕಿರಿಯರಿಂದ ಹಿರಿಯರ ತಂಡದವರೆಗೆ ಒಂದೇ ಪದ್ಧತಿ ತಂದರು, ಆಟದ ಜೊತೆ ನಡತೆಯನ್ನೂ ಕಲಿಸಿದರು. 2010ರಲ್ಲಿ ನಾಲ್ಕನೇ ಸ್ಥಾನ, 2011ರಲ್ಲಿ ಅರ್ಜೆಂಟೀನಾದ ನೆಲದಲ್ಲೇ 15ನೇ ಕೋಪಾ ಅಮೆರಿಕ, ಅಂದರೆ ದಕ್ಷಿಣ ಅಮೆರಿಕದ ದೇಶಗಳ ಕಪ್. ಉರುಗ್ವೆಯ ಜನಸಂಖ್ಯೆ ಎಷ್ಟು ಗೊತ್ತಾ? ಸುಮಾರು 35 ಲಕ್ಷ. ನಮ್ಮ ಮೈಸೂರು ಜಿಲ್ಲೆಗಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಕೊನೆಗೆ, ನೀವು ಬ್ರೆಜಿಲ್ ಅಭಿಮಾನಿ ಅಂದಿರಲ್ಲ, ಒಂದು ವಿಷಯ ಹೇಳಲೇಬೇಕು. 1950ರಲ್ಲಿ ಬ್ರೆಜಿಲ್ ಆಡಿದ್ದು ಬಿಳಿ ಅಂಗಿಯಲ್ಲಿ. ಸೋತ ಮೇಲೆ ಆ ಅಂಗಿ ಅಪಶಕುನ ಅನ್ನಿಸಿ, 1953ರಲ್ಲಿ ಒಂದು ಪತ್ರಿಕೆ ಹೊಸ ಅಂಗಿಗೆ ಸ್ಪರ್ಧೆ ನಡೆಸಿತು. ಗೆದ್ದವನು ಆಲ್ದಿರ್ ಶ್ಲೀ, 19ರ ಹುಡುಗ. ನಿಮ್ಮ ಹಳದಿ ಅಂಗಿ ಅವನದೇ ಕೈಚಳಕ. ಅವನ ಊರು ಜಗ್ವಾರಾವ್, ಉರುಗ್ವೆ ಗಡಿಯಲ್ಲಿದೆ, ನದಿ ದಾಟಿದರೆ ಆಚೆ ದೇಶ. ಅವನು ಬೆಂಬಲಿಸುತ್ತಿದ್ದ ತಂಡ ಯಾವುದು ಅಂತ ನಾನೇ ಹೇಳಬೇಕಾ?