ಬೆದೆಗೆ ಬಂದ ನಾಯಿಯನ್ನು ಹಿತ್ತಲಲ್ಲಿ ಕಟ್ಟಬೇಡಿ

ಪ್ರಶ್ನೆ: ನಮ್ಮ ಗೌರಿಗೆ 10 ತಿಂಗಳು. ಮರಿಯಾಗಿದ್ದಾಗ ಬೀದಿಯಿಂದ ತಂದು ಸಾಕಿದ ನಾಟಿ ನಾಯಿ. ನಾಲ್ಕು ದಿನದಿಂದ ಮನೆಯಲ್ಲಿ ಅಲ್ಲಲ್ಲಿ ರಕ್ತದ ಹನಿ ಬೀಳುತ್ತಿದೆ. ಇದು ಮುಟ್ಟು, ಮುಗಿಯುವ ತನಕ ಹಿತ್ತಲಲ್ಲಿ ಕಟ್ಟು ಅಂತ ಅತ್ತೆ ಹೇಳಿದರು, ಹಾಗೇ ಮಾಡಿದ್ದೇನೆ. ಆದರೆ ರಾತ್ರಿಯೆಲ್ಲ ಕುಂಯ್‌ಗುಡುತ್ತಾಳೆ, ಊಟವೂ ಅರ್ಧಂಬರ್ಧ. ಹೊಟ್ಟೆನೋವು ಇರಬಹುದಾ? ನಾವು ತಗೊಳ್ಳೋ ನೋವಿನ ಮಾತ್ರೆ ಅರ್ಧ ಕೊಡಬಹುದಾ?
– ಓದುಗರು, ಹಾಸನ

ಉತ್ತರ: ಮಾತ್ರೆ ಬೇಡವೇ ಬೇಡ. ನಾವು ನುಂಗುವ ಪ್ಯಾರಾಸಿಟಮಾಲ್, ಐಬುಪ್ರೊಫೇನ್ ನಾಯಿಗೆ ವಿಷವಾಗಬಹುದು. ಅರ್ಧ ಕೊಟ್ಟರೂ ಅಪಾಯವೇ. ಮಾತ್ರೆ ಪೊಟ್ಟಣ ಒಳಗಿಟ್ಟು ಮೊದಲು ಗೌರಿಯನ್ನು ಮನೆಯೊಳಗೆ ಕರೆದುಕೊಳ್ಳಿ.

ಅವಳಿಗೆ ಕಾಯಿಲೆ ಏನಿಲ್ಲ, ಮೊದಲ ಸಲ ಬೆದೆಗೆ ಬಂದಿದ್ದಾಳೆ ಅಷ್ಟೇ. ಇದು ಮುಟ್ಟೂ ಅಲ್ಲ. ಹೆಂಗಸರಿಗೆ ಗರ್ಭ ನಿಲ್ಲದಿದ್ದಾಗ ರಕ್ತ ಹೋಗುತ್ತದೆ, ನಾಯಿಗೆ ಗರ್ಭ ಕಟ್ಟುವ ದಿನ ಹತ್ತಿರ ಬರುವಾಗ ಹೋಗುತ್ತದೆ. ಎರಡೂ ಉಲ್ಟಾ. (ಮುಟ್ಟಾದ ಹೆಂಗಸನ್ನು ಹೊರಗೆ ಕೂರಿಸುವುದೂ ತಪ್ಪೇ, ಆ ಮಾತು ಇನ್ನೊಂದು ದಿನ ಆಡೋಣ.) ನಿಮ್ಮ ಅತ್ತೆಯವರಿಗೆ ಇಷ್ಟು ಹೇಳಿ ನೋಡಿ: ಹಿತ್ತಲಲ್ಲಿ ಕಟ್ಟಿದರೆ ಓಡಿಹೋಗಲೂ ಆಗದ ಹುಡುಗಿಯ ಸುತ್ತ ಊರಿನ ಗಂಡುನಾಯಿಗಳೆಲ್ಲ ಕಾಂಪೌಂಡ್ ಹಾರಿ ಬರುತ್ತವೆ, ಅಲ್ಲಿಂದ ಸುಮಾರು 63 ದಿನಕ್ಕೆ ನಿಮ್ಮ ಹಿತ್ತಲಲ್ಲೇ ಐದಾರು ಮರಿ. ಅದೂ ಒಂದು ವರ್ಷದ, ಇನ್ನೂ ತಾನೇ ಮಗುವಾಗಿರುವ ನಾಯಿಗೆ. ಈ ಮಾತಿಗೆ ಹಿರಿಯರು ಸಾಮಾನ್ಯವಾಗಿ ಒಪ್ಪುತ್ತಾರೆ.

ಒಂದು ಮೂಲೆ ಅವಳಿಗೇ ಬಿಟ್ಟುಕೊಡಿ. ಹಳೇ ಕಾಟನ್ ಪಂಚೆ ಅಥವಾ ಸೀರೆಯನ್ನು ನಾಲ್ಕು ಮಡಿಕೆ ಮಾಡಿ ಹಾಸಿ, ದಿನಾ ಬದಲಿಸಿ ಒಗೆಯಿರಿ. ನೆಲದ ಹನಿಯನ್ನು ತಣ್ಣೀರಿನಲ್ಲಿ ಆಗಿಂದಾಗ್ಗೆ ಒರೆಸಿದರೆ ಕಲೆ ನಿಲ್ಲಲ್ಲ. ನಾಯಿ ಡೈಪರ್ ಸಿಗುತ್ತದೆ, ಸಿಗದಿದ್ದರೆ ಮಕ್ಕಳ ಚಡ್ಡಿಗೆ ಬಾಲದ ತೂತು ಮಾಡಿ ಒಳಗೆ ಪ್ಯಾಡ್ ಇಡಬಹುದು. ಮೂರು ನಾಲ್ಕು ಗಂಟೆಗೊಮ್ಮೆ ಬದಲಿಸಬೇಕು, ಆಗಾಗ ಬಿಚ್ಚಿಡಬೇಕು. ಒದ್ದೆ ಪ್ಯಾಡಿನಲ್ಲೇ ದಿನವಿಡೀ ಬಿಟ್ಟರೆ ಚರ್ಮ ಕೆಂಪಾಗಿ ಉರಿಯುತ್ತದೆ. ಇನ್ನೊಂದು ಮಾತು, ಡೈಪರ್ ಗಂಡುನಾಯಿಯನ್ನು ತಡೆಯಲ್ಲ. ಅವಳು ತನ್ನನ್ನು ತಾನೇ ನೆಕ್ಕಿಕೊಳ್ಳುತ್ತಾಳೆ, ಗದರಬೇಡಿ, ಅದು ಅವಳ ಸ್ನಾನ. ನೀವು ಬೆಚ್ಚನೆ ನೀರಲ್ಲಿ ಅದ್ದಿದ ಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಸಾಕು, ಸೋಪು, ಡೆಟಾಲ್ ಆ ಜಾಗಕ್ಕೆ ತಾಗಿಸಲೇಬೇಡಿ.

ಊಟ ಕಡಿಮೆ ಆಗುವುದು ಸಹಜ. ಮೊಸರನ್ನ, ಈರುಳ್ಳಿ ಬೆಳ್ಳುಳ್ಳಿ ಹಾಕದೆ ಬೇಯಿಸಿದ ಕೋಳಿ ಸ್ವಲ್ಪ ಬೆಚ್ಚಗೆ ಮಾಡಿ ಕೊಟ್ಟರೆ ಮೂತಿ ಹಾಕುತ್ತಾಳೆ. ಎರಡು ದಿನ ಏನೂ ಮುಟ್ಟದಿದ್ದರೆ ಮಾತ್ರ ಡಾಕ್ಟರ ಹತ್ತಿರ ಹೋಗಿ. ಕುಂಯ್‌ಗುಡುವುದು ಬಹುಪಾಲು ನೋವಿಗಲ್ಲ, ಕಳವಳಕ್ಕೆ. ಮೈಯಲ್ಲಿ ಏನೋ ಆಗುತ್ತಿದೆ, ಏನು ಅಂತ ಅವಳಿಗೆ ಗೊತ್ತಿಲ್ಲ, ಮೇಲಿಂದ ಮನೆಯಿಂದಲೂ ಹೊರಗೆ ಹಾಕಿದ್ದೀರಿ. ನಾನು ಸಾಕಿದ ಚುಕ್ಕಿ ಮೊದಲ ಬೆದೆಯಲ್ಲಿ ಮೂರು ರಾತ್ರಿ ನನ್ನ ಚಪ್ಪಲಿಯ ಮೇಲೆ ಗಲ್ಲ ಇಟ್ಟುಕೊಂಡೇ ಮಲಗಿದ್ದಳು, ಚಪ್ಪಲಿ ತೆಗೆದರೆ ಎದ್ದು ಅಳುತ್ತಿದ್ದಳು. ಸುಮ್ನೆ ಪಕ್ಕದಲ್ಲಿ ಕೂತು ಕಿವಿಯ ಹಿಂದೆ ಸವರಿ, ಅದಕ್ಕಿಂತ ದೊಡ್ಡ ಔಷಧಿ ಇಲ್ಲ.

ಈಗ ಮುಖ್ಯವಾದ ಮಾತು. ಸುಮಾರು 9–10 ದಿನ ಕಳೆದ ಮೇಲೆ ಕೆಂಪು ತಿಳಿಯಾಗಿ ಮಾಂಸ ತೊಳೆದ ನೀರಿನ ಬಣ್ಣಕ್ಕೆ ಬರುತ್ತದೆ. "ಅಬ್ಬಾ, ಮುಗೀತು" ಅಂತ ಹೊರಗೆ ಬಿಟ್ಟುಬಿಡುತ್ತಾರೆ. ಗರ್ಭ ಕಟ್ಟುವುದು ಆಗಲೇ! ಅಲ್ಲಿಯವರೆಗೆ ಗಂಡು ಹತ್ತಿರ ಬಂದರೆ ಗುರ್ ಅನ್ನುತ್ತಿದ್ದವಳು ಈಗ ತಾನೇ ಹುಡುಕಿಕೊಂಡು ಹೋಗುತ್ತಾಳೆ. ಬೆನ್ನಿನ ಕೆಳಭಾಗ ಸವರಿ ನೋಡಿ, ಬಾಲವನ್ನು ಪಕ್ಕಕ್ಕೆ ಸರಿಸಿ ಅಲ್ಲಾಡದೆ ನಿಂತರೆ ಆ ದಿನಗಳು ಬಂದಿವೆ ಅಂತಲೇ ಅರ್ಥ. ಒಟ್ಟು ಮೂರು ವಾರ, ಕೆಲವರಿಗೆ ನಾಲ್ಕು, ಕಣ್ಣು ತಪ್ಪಿಸಬೇಡಿ. ವಾಕಿಂಗ್‌ಗೆ ಬೀದಿ ಖಾಲಿ ಇರುವ ಹೊತ್ತಿನಲ್ಲಿ ಗಟ್ಟಿ ಬೆಲ್ಟ್ ಹಾಕಿ ನೀವೇ ಕರೆದುಕೊಂಡು ಹೋಗಿ. ಮನೆಯಲ್ಲಿ ಗಂಡುನಾಯಿ ಇದ್ದರೆ, ಅದು ಒಡಹುಟ್ಟಿದ್ದೇ ಆಗಿದ್ದರೂ, ಬೇರೆ ಬಾಗಿಲ ಹಿಂದೆ ಇರಲಿ.

ಅಕಸ್ಮಾತ್ ಜೋಡಿಯಾಗಿ ಅಂಟಿಕೊಂಡರೆ ಎಳೆಯಬೇಡಿ, ಹೊಡೆಯಬೇಡಿ. ಎರಡಕ್ಕೂ ಗಾಯವಾಗುತ್ತದೆ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ತಾವೇ ಬಿಡುತ್ತವೆ. ಆಮೇಲೆ ತಡಮಾಡದೆ ಡಾಕ್ಟರಿಗೆ ಹೇಳಿ, ದಾರಿ ಇದೆ.

ಮುಂದಿನ ಬೆದೆ ಆರೇಳು ತಿಂಗಳಿಗೆ ಬರುತ್ತದೆ, ನಾಯಿಗೆ ವಯಸ್ಸಾದರೂ ಇದು ಪೂರ್ತಿ ನಿಲ್ಲುವುದಿಲ್ಲ. ಮರಿ ಬೇಡ ಅಂತಿದ್ದರೆ ಈ ಬೆದೆ ಮುಗಿದು ಎರಡು ಮೂರು ತಿಂಗಳಿಗೆ ಆಪರೇಷನ್ ಮಾಡಿಸಿಬಿಡಿ. ಈಗಲೇ ಬೇಡ, ಗರ್ಭಕೋಶಕ್ಕೆ ರಕ್ತ ಜಾಸ್ತಿ ಹರಿಯುತ್ತಿರುತ್ತದೆ.

ಪ್ರಶ್ನೆ: ನಮ್ಮ ಪಮೇರಿಯನ್‌ಗೆ ಎಂಟು ವರ್ಷ. ಬೆದೆ ಮುಗಿದು ತಿಂಗಳಾಯಿತು. ಈಗ ಬಟ್ಟಲುಗಟ್ಟಲೆ ನೀರು ಕುಡಿಯುತ್ತದೆ, ವಾಂತಿ ಮಾಡುತ್ತದೆ, ಹಿಂದಿನಿಂದ ಕೆಟ್ಟ ವಾಸನೆ. ಮತ್ತೆ ಬೆದೆಗೆ ಬಂತಾ?
– ಓದುಗರು, ದಾವಣಗೆರೆ

ಉತ್ತರ: ಇವರಿಗೆ ಪತ್ರ ಬಂದ ದಿನವೇ ಫೋನ್ ಮಾಡಿ ಹೇಳಿದ್ದೇವೆ, ಉಳಿದವರಿಗೂ ಗೊತ್ತಿರಲಿ ಅಂತ ಇಲ್ಲಿ ಬರೆಯುತ್ತಿದ್ದೇನೆ. ಇದು ಬೆದೆ ಅಲ್ಲ, ಗರ್ಭಕೋಶದಲ್ಲಿ ಕೀವು ತುಂಬಿರುವ ಲಕ್ಷಣ, ಪಯೋಮೆಟ್ರಾ ಅನ್ನುತ್ತೇವೆ. ಆಪರೇಷನ್ ಆಗದ ನಡುವಯಸ್ಸಿನ ಹೆಣ್ಣುನಾಯಿಗೆ ಬೆದೆ ಮುಗಿದ ಒಂದೆರಡು ತಿಂಗಳಲ್ಲಿ ಹೆಚ್ಚಾಗಿ ಬರುತ್ತದೆ. ಕೆಲವು ಸಲ ಕೀವು ಹೊರಗೆ ಬರುವುದೇ ಇಲ್ಲ, ಹೊಟ್ಟೆ ಮಾತ್ರ ಊದುತ್ತದೆ, ಅದು ಇನ್ನೂ ಅಪಾಯ. ನಾಳೆ ನೋಡೋಣ ಅನ್ನಬೇಡಿ. ಬಹುತೇಕ ಗರ್ಭಕೋಶವನ್ನೇ ತೆಗೆಯಬೇಕಾಗುತ್ತದೆ, ಬೇಗ ಹೋದರೆ ನಾಯಿ ಉಳಿಯುತ್ತದೆ. ಬೆದೆ ಯಾವತ್ತು ಶುರುವಾಯಿತು ಅಂತ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಟ್ಟಿದ್ದರೆ ಅದರ ಫೋಟೋ ತಗೊಂಡು ಹೋಗಿ. ಡಾಕ್ಟರು ಮೊದಲು ಕೇಳುವುದೇ ಆ ತಾರೀಕು.