ಕಣ್ಣಿಗೆ ಬಿದ್ದದ್ದೇ ವಿನ್ಯಾಸ

ಪ್ರಶ್ನೆ: ಬಟ್ಟೆಯ ವಿನ್ಯಾಸಗಳಿಗೆ ನೀವು ದಿನನಿತ್ಯದ ಸ್ಫೂರ್ತಿಯನ್ನು ಎಲ್ಲಿಂದ ಪಡೆಯುತ್ತೀರಿ? ನಿಮ್ಮ ಸಂಗ್ರಹದಲ್ಲಿ ಅತ್ಯಂತ ಪ್ರಿಯವಾದ ವಿಚಿತ್ರ ವಸ್ತು ಯಾವುದು?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ನಿಮ್ಮ ಸೀಮೆಯ ಕಸೂತಿಯೇ ನನ್ನ ಮೊದಲ ಪಾಠಶಾಲೆ. ಗೋಪುರ, ತೇರು, ತುಳಸಿಕಟ್ಟೆ, ಆನೆ, ನವಿಲು ಎಂದು ಸುತ್ತಮುತ್ತ ಕಂಡದ್ದನ್ನೆಲ್ಲ ಅಲ್ಲಿನ ಹೆಣ್ಣುಮಕ್ಕಳು ಬಟ್ಟೆಯ ಮೇಲೆ ಗುರುತಿನ ಗೆರೆಯನ್ನೂ ಎಳೆದುಕೊಳ್ಳದೆ, ಕೇವಲ ನೂಲಿನ ಎಳೆಗಳನ್ನು ಎಣಿಸಿ ಮೂಡಿಸಿದರು. ಗವಂತಿ ಹೊಲಿಗೆಯಲ್ಲಿ ಸೂಜಿ ಹೋಗುವಾಗ ಬಿಟ್ಟ ಜಾಗವನ್ನು ಮರಳುವಾಗ ತುಂಬುವುದರಿಂದ, ಗಂಟಿಲ್ಲದೆ ಬಟ್ಟೆಯ ಎರಡೂ ಬದಿಗಳಲ್ಲಿ ಒಂದೇ ಚಿತ್ರ ಕಾಣುತ್ತದೆ; ಮೆಟ್ಟಿಲಿನಂತೆ ಏರಿಳಿಯುವ ಮುರಗಿ ಹೊಲಿಗೆಯದೂ ಇದೇ ಗುಣ. ಹಳೆಯ ಮನೆಗಳ ಕಿಟಕಿಯ ಸರಳು, ಬಾಗಿಲ ಮುಂದಿನ ರಂಗೋಲಿಯ ಚುಕ್ಕಿಸಾಲು ಏನೇ ಕಣ್ಣಿಗೆ ಬಿದ್ದರೂ ನಾನು ಅದನ್ನು ಚೌಕುಳಿ ಹಾಳೆಯ ಮೇಲೆ ನೇರ ಗೆರೆಗಳಿಗೆ ಒಗ್ಗಿಸಿ ನೋಡುತ್ತೇನೆ. ಈ ಕಟ್ಟುಪಾಡು ಇಲ್ಲದಿದ್ದರೆ ನನ್ನ ಕೈ ಸೋಮಾರಿಯಾಗುತ್ತಿತ್ತು ಎಂದೇ ನಂಬಿದ್ದೇನೆ.

ಬಣ್ಣಕ್ಕೆ ಮರದ ಗೊಂಬೆಗಳ ಚನ್ನಪಟ್ಟಣವೇ ಗುರು. ಅಲ್ಲಿ ತಿರುಗುವ ಹಾಲೆಮರದ ತುಂಡಿಗೆ ಅರಗಿನ ಕಡ್ಡಿಯನ್ನು ಒತ್ತಿದಾಗ ಘರ್ಷಣೆಯ ಶಾಖಕ್ಕೇ ಬಣ್ಣ ಕರಗಿ ಅಂಟುತ್ತದೆ.

ಅತ್ಯಂತ ಪ್ರಿಯವಾದದ್ದು ಒಂದು ಒಡಕು ಹೆಂಚು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆ 1865ರಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಕರಾವಳಿಯ ಸೂರುಗಳ ರೂಪವೇ ಬದಲಾಯಿತು. ನನ್ನ ಹೆಂಚಿನ ಮೇಲೆ ಆ ಹೆಸರಿನ ಅಚ್ಚು ಅರ್ಧ ಉಳಿದಿದೆ. ಮುರಿದ ಅಕ್ಷರಗಳ ಆ ಅಂಚನ್ನೇ ಈಗ ಒಂದು ಸೆರಗಿಗೆ ಬರೆಯುತ್ತಿದ್ದೇನೆ.