ಹಳೇ ಹಾಯಿದೋಣಿಗೆ ಒಳಪದರ: ಮೊದಲು ನೀರು, ಆಮೇಲೆ ಬಿಸಿಲು, ಕೊನೆಗೆ ಫೋಮ್

ನೀಲೇಶ್ವರದ ಹಿನ್ನೀರಿನಲ್ಲಿ ಕಟ್ಟಿರುವ 30 ಅಡಿಯ ಹಳೇ ಫೈಬರ್ ಹಾಯಿದೋಣಿ, ಒಳಗೆ ವಿಪರೀತ ಸೆಕೆ, ಮಳೆಗಾಲದಲ್ಲಿ ಹಾಸಿಗೆಗೆಲ್ಲ ಬೂಸ್ಟು, ಥರ್ಮಾಕೋಲ್ ಅಂಟಿಸಿ ಮೇಲೆ ಪ್ಲೈವುಡ್ ಹೊಡೆಯಲಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಹೊಡೆಯಬೇಡಿ. ನೀರು ಎಲ್ಲಿಂದ ಬರುತ್ತದೆ ಅಂತ ನೋಡದೆ ಮುಚ್ಚಿಬಿಟ್ಟರೆ ಒಳಗೊಳಗೇ ಕೊಳೆಯುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ.

ಹಳೇ ಫೈಬರ್ ದೋಣಿಗಳ ಡೆಕ್ (ನಾವು ಓಡಾಡುವ ಮೇಲಿನ ತಟ್ಟು) ಹೆಚ್ಚಾಗಿ ಮೂರು ಪದರದ್ದು. ಮೇಲೆ ಕೆಳಗೆ ಫೈಬರ್, ನಡುವೆ ಬಾಲ್ಸಾ ಮರ ಅಥವಾ ಪ್ಲೈ. ರೇಲಿಂಗ್ ಕಾಲು, ಚೈನ್‌ಪ್ಲೇಟ್ (ಹಾಯಿಕಂಬದ ತಂತಿ ಬಿಗಿಯುವ ಲೋಹದ ಪಟ್ಟಿ), ಹ್ಯಾಚ್ (ಡೆಕ್ಕಿನ ಮುಚ್ಚಳದ ಬಾಗಿಲು), ಕಿಟಕಿ ಇವುಗಳ ಬೋಲ್ಟ್ ತೂತಿನಿಂದ ನೀರು ಆ ಮರಕ್ಕೆ ಇಳಿಯುತ್ತದೆ. ಸ್ಕ್ರೂಡ್ರೈವರಿನ ಹಿಡಿಯಿಂದ ಡೆಕ್ ಪೂರ್ತಿ ತಟ್ಟುತ್ತಾ ಹೋಗಿ. ಗಟ್ಟಿ ಇದ್ದಲ್ಲಿ ಟಕ್ ಟಕ್ ಅನ್ನುತ್ತದೆ, ಕೊಳೆತಲ್ಲಿ ಡುಬ್ ಅಂತ ಮಂಕು ಸದ್ದು. ಅಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕಿ. ಕಿಟಕಿಗಾದರೆ ಒಳಗಿನ ಅಂಚಿಗೆ ಸೀಮೆಸುಣ್ಣದ ಪುಡಿ ಸವರಿ, ಹೊರಗಿನಿಂದ ಒಬ್ಬರು ಪೈಪಿನಲ್ಲಿ ನೀರು ಬಿಡಲಿ, ಕೆಳಗಿನಿಂದ ಶುರು ಮಾಡಿ ನಿಧಾನಕ್ಕೆ ಮೇಲಕ್ಕೆ. ಪುಡಿಯಲ್ಲಿ ಗೆರೆ ಇಳಿದ ಕಡೆ ಸೋರುತ್ತಿದೆ ಅಂತ ಅರ್ಥ. ಆ ಫಿಟ್ಟಿಂಗ್ ಬಿಚ್ಚಿ, ಹಳೇ ಸಿಲಿಕೋನ್ ಪೂರ್ತಿ ಕೆರೆದು ತೆಗೆದು, ಬ್ಯೂಟೈಲ್ ಟೇಪ್ (ಜಿಗುಟು ರಬ್ಬರ್ ಪಟ್ಟಿ) ಹಾಕಿ ಕೂರಿಸಿ. ಹಳೇದರ ಮೇಲೇ ಸುಮ್ನೆ ಹೊಸ ಸಿಲಿಕೋನ್ ಬಳಿದರೆ ಹಿಡಿಯುವುದಿಲ್ಲ.

ಇನ್ನು ಸೆಕೆ. ಯೂಟ್ಯೂಬಿನಲ್ಲಿ ನೋಡುವುದೆಲ್ಲ ಚಳಿ ದೇಶದವರ ಲೆಕ್ಕ. ಅವರಿಗೆ ಒಳಗಿನ ಬಿಸಿ ಹೊರಗೆ ಹೋಗಬಾರದು, ತಣ್ಣನೆ ಗೋಡೆಗೆ ಬೆವರು ಕೂರಬಾರದು. ನಮಗೆ ಬೇಕಾದ್ದು ಬಿಸಿಲನ್ನು ಹೊರಗೇ ತಡೆಯುವುದು. ಹಾಗಾಗಿ ಮೊದಲ ಖರ್ಚು ಬೂಮ್ (ಹಾಯಿಯ ಕೆಳಗಿನ ಅಡ್ಡಕಂಬ) ಮೇಲೆ ಕಟ್ಟುವ ದಪ್ಪ ಬಟ್ಟೆಯ ನೆರಳಿಗೆ ಇರಲಿ. ಬೇಸಿಗೆಯಲ್ಲಿ ಅಂಗಳಕ್ಕೆ ಚಪ್ಪರ ಹಾಕಿದ ಹಾಗೆ, ಡೆಕ್ಕಿಗೂ ಬಟ್ಟೆಗೂ ನಡುವೆ ಗಾಳಿ ಆಡಬೇಕು. ಡೆಕ್ಕಿಗೆ ಬಿಳಿ ಬಣ್ಣ.

ಇಷ್ಟಾದ ಮೇಲೆ ಫೋಮ್. ಎಸಿ ಡಕ್ಟಿಗೆ ಸುತ್ತುವ ಕಪ್ಪು ನೈಟ್ರೈಲ್ ರಬ್ಬರ್ ಶೀಟ್ ಉಂಟಲ್ವಾ, 19 ಎಂಎಂ ದಪ್ಪದ್ದು, ಅದೇ ಸಾಕು. ಅದು ನೀರು ಕುಡಿಯುವುದಿಲ್ಲ, ಬಾಗಿದ ಕಡೆಗೂ ಬಾಗುತ್ತದೆ. ಗಾಳಿ ಉಳಿಯದ ಹಾಗೆ ಪೂರ್ತಿ ಅಂಟಿಸಿ, ಬಿಸಿ ತಡೆಯುವ ಅಂಟೇ ಇರಲಿ, ಇಲ್ಲದಿದ್ದರೆ ಏಪ್ರಿಲ್‌ನಲ್ಲಿ ಕಳಚಿ ತಲೆ ಮೇಲೆ ಬೀಳುತ್ತದೆ. ಡೆಕ್ಕಿನ ಅಡಿಗೆ, ಕ್ಯಾಬಿನ್ ಬದಿಗೆ, ನೀರಿನ ಗೆರೆಗಿಂತ ಮೇಲಿನ ದೋಣಿಯ ಒಡಲಿಗೆ (ಹಲ್) ಮಾತ್ರ. ಕೆಳಗೆ ಬೇಡವೇ ಬೇಡ. ಮಧ್ಯಾಹ್ನದ ಹೊತ್ತು ಹೊಳೆ ನೀರು ಬಿಸಿಲಿಗೆ ಕಾದ ಡೆಕ್ಕಿಗಿಂತ ಎಷ್ಟೋ ತಂಪು, ಆ ತಂಪನ್ನು ಯಾಕೆ ಕಳೆದುಕೊಳ್ಳುವುದು?

ಥರ್ಮಾಕೋಲ್ ಯಾಕೆ ಬೇಡ ಅಂದರೆ ಪಾಲಿಯೆಸ್ಟರ್ ರೆಸಿನ್, ಅಸಿಟೋನ್, ಸಾಲ್ವೆಂಟ್ ಅಂಟು ಯಾವುದು ತಾಗಿದರೂ ಕರಗುತ್ತದೆ, ಬೆಂಕಿಗೂ ಬೇಗ ಹಿಡಿಯುತ್ತದೆ. ಗ್ಲಾಸ್‌ವುಲ್ ನೀರು ಹೀರುತ್ತದೆ. ಸ್ಪ್ರೇ ಫೋಮ್ ಹೊಡೆದರೆ ವೈರ್, ನಟ್ ಎಲ್ಲ ಅದರೊಳಗೆ ಹೂತುಹೋಗುತ್ತದೆ.

ಪ್ಯಾನೆಲ್ ಯಾವಾಗ ಬೇಕಾದರೂ ಬಿಚ್ಚುವ ಹಾಗಿರಲಿ. ಇದನ್ನು ಮಾತ್ರ ಬಿಡಬೇಡಿ. ದೋಣಿಯ ಒಡಲಿಗೆ ಸ್ಕ್ರೂ ಹೊಡೆಯದೆ, ಹೆಬ್ಬಲಸಿನ ಮರದ ಪಟ್ಟಿಗಳನ್ನು ಎಪಾಕ್ಸಿಯಲ್ಲಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು) ಅಂಟಿಸಿ, ಅದಕ್ಕೆ ಉಪ್ಪುನೀರಿಗೆ ತಾಳುವ 316 ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರೂ ಹಾಕಿ. ಪ್ಲೈ ಐಎಸ್ 710 (ಮರೈನ್ ಪ್ಲೈ) ಮುದ್ರೆಯದ್ದು, ಕೊಯ್ದ ಅಂಚಿಗೆಲ್ಲ ಎಪಾಕ್ಸಿ ಕುಡಿಸಿ.

ಬೂಸ್ಟಿಗೆ ಗಾಳಿಯೇ ಮದ್ದು. 1 ಕೆಜಿ ಗ್ಯಾಸ್ ಉರಿದರೆ ಸುಮಾರು 1.6 ಲೀಟರ್ ನೀರು ಆವಿಯಾಗಿ ಕ್ಯಾಬಿನ್ ಸೇರುತ್ತದೆ, ಅಡುಗೆ ಮಾಡುವಾಗ ಹ್ಯಾಚ್ ತೆರೆದಿಡಿ. ಚಿಕ್ಕ ಸೋಲಾರ್ ಫ್ಯಾನ್ ಒಂದು ಹಾಕಿ. ಹಾಸಿಗೆ ಅಡಿಗೆ ಹಲಗೆ ಬದಲು ಸಂದು ಬಿಟ್ಟು ಪಟ್ಟಿ ಹೊಡೆಯಿರಿ.

ಒಳಗೆ ಬಿಚ್ಚಿರುವಾಗಲೇ ಹಳೇ ವೈರನ್ನೂ ಬದಲಾಯಿಸಿ, ತವರ ಲೇಪದ ತಾಮ್ರದ್ದು, ಬ್ಯಾಟರಿ ಹತ್ತಿರವೇ ಫ್ಯೂಸ್. ಎಪಾಕ್ಸಿ ಕೆಲಸ ಎಲ್ಲ ಮಾರ್ಚ್ ಒಳಗೆ ಮುಗಿಸಿ, ಮಳೆಗಾಲದ ತೇವದಲ್ಲಿ ಅದರ ಮೇಲೆ ಮೇಣದ ಹಾಗೆ ಜಿಗುಟು ಕೂತು ಮುಂದಿನ ಕೋಟಿಂಗ್ ಹಿಡಿಯುವುದಿಲ್ಲ.